ಬಿಸಿಲಿಗಿಟ್ಟ ಸೆಲ್ಲಿನ ಕರುಣರಸ

ತಮಿಳುನಾಡಿನ ಗಡಿಯಂಚಿನ ನಮ್ಮ ತಾಳವಾಡಿಯ ಶಾಲೆಯಲ್ಲಿ ಮಕ್ಕಳು ಕನ್ನಡ, ತಮಿಳು ಎರಡು ಭಾಷೆಯಲ್ಲೂ ಸಲೀಸಾಗಿ ಜಗಳವಾಡುತ್ತಿದ್ದರು. ದೊಡ್ಡವರ ಜಗಳ ಮಾತ್ರ ಭಾಷೆಯ ಮೇಲೆಯೇ. ಪ್ರತಿವರ್ಷ ವಾರ್ಷಿಕೋತ್ಸವದ ಕೊನೆಯ ಕುಣಿತಕ್ಕೆ ಕನ್ನಡ ಹಾಡೋ ತಮಿಳು ಹಾಡೋ ಎಂದು ರಂಪವಾಗುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಹೆಡ್‌ಮಾಸ್ಟರು ಬೇಸತ್ತು, "ಈ ಸಲ ತಕರಾರು ಬಂತು ಅಂದ್ರೆ ಕುಣಿತಾನೇ ಬ್ಯಾಡ" ಎಂದುಬಿಟ್ಟರು.

ಕನ್ನಡ ಮಕ್ಕಳಿಗೆ ನಾನು, ತಮಿಳು ಮಕ್ಕಳಿಗೆ ಸತ್ಯಮಂಗಲದಿಂದ ಬಂದ ಒಬ್ಬ ಟೀಚರು. ನನಗಿಂತ ಚಿಕ್ಕವರು, ವೀಣೆ ಕಲಿತವರು. ಕಲಿತಿದ್ದಾರೆಂಬುದನ್ನು ಮರೆಯಲು ನಮಗೆ ಬಿಡದವರು. ಜಗಳಕ್ಕೆ ಮದ್ದು ತಂದದ್ದೂ ಅವರೇ. ಕೊಯಮತ್ತೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ಕ್ಯಾಸೆಟ್ಟು. ಅದರ ಮೇಲೆ ಕಾಲಿನ ತುದಿಬೆರಳಲ್ಲಿ ನಿಂತ ಹುಡುಗಿಯ ಚಿತ್ರ, ಇಬ್ಬರಿಗೂ ಓದಲು ಬಾರದ ಯಾವುದೋ ಲಿಪಿ. ಬ್ಯಾಲೆ ಎಂಬ ವಿದೇಶದ ಕುಣಿತಕ್ಕೆ ನುಡಿಸಿದ ದೊಡ್ಡ ವಾದ್ಯಮೇಳವಂತೆ. ಹಾಡೇ ಇಲ್ಲದ ಮೇಲೆ ಭಾಷೆಯೆಲ್ಲಿಯದು?

ಶಾಲೆಯ ಟೇಪ್‌ರೆಕಾರ್ಡರು ಸೆಲ್ಲಿನ ಮೇಲೆ ಜೀವ ಹಿಡಿದಿತ್ತು. ತರಗತಿಯಲ್ಲಿ ಪ್ಲಗ್ಗೇ ಇರಲಿಲ್ಲ. ಸೆಲ್ಲು ಮುಗಿಯಿತೆಂದು ಎಸೆಯುವ ಜನ ನಾವಲ್ಲ. ಬೆಳಗ್ಗೆ ಸಂಡಿಗೆಯ ಹಾಗೆ ಬಿಸಿಲಿಗಿಟ್ಟು ಮಧ್ಯಾಹ್ನ ಹಾಕಿದರೆ ಇನ್ನೊಂದಷ್ಟು ಹೊತ್ತು ಉಸಿರಾಡುತ್ತಿದ್ದವು. ಆ ಉಸಿರಿನಲ್ಲಿ ಹೊರಟ ಸಂಗೀತಕ್ಕೆ ಟೀಚರು ಕಣ್ಣು ಮುಚ್ಚಿದರು.

"ವಿಳಂಬ ಕಾಲ ಅಕ್ಕಾ. ಶ್ರುತಿ ಎಷ್ಟು ಕೆಳಗಿದೆ ಕೇಳಿ. ಸಂದೇಹವೇ ಇಲ್ಲ, ಕರುಣರಸ!"

ನನಗದು ಹೊಟ್ಟೆನೋವು ಬಂದ ಎಮ್ಮೆಯ ದನಿಯಂತೆ ಕೇಳಿತ್ತು. ಆದರೆ ವೀಣೆ ಕಲಿತವರ ಮುಂದೆ ಎಮ್ಮೆಯ ಮಾತೆತ್ತುವುದುಂಟೇ? ಮರುವಾರ ಶ್ರುತಿ ಇನ್ನೂ ಇಳಿದಿತ್ತು. ಕ್ಯಾಸೆಟ್ಟಿನೊಳಗಿನವರು ದಿನದಿನಕ್ಕೆ ಹೇಗಮ್ಮ ಶ್ರುತಿ ಇಳಿಸುತ್ತಾರೆ ಎಂದು ಕೇಳಿದೆ. "ಚಳಿ ದೇಶ ಅಲ್ವಾ ಅಕ್ಕಾ, ತಂತಿ ಸಡಿಲ ಆಗುತ್ತೆ" ಎಂದರು. ಅದೂ ಇರಬಹುದೆಂದು ನಾನು ತಲೆಯಾಡಿಸಿದೆ.

ರಸಕ್ಕೆ ತಕ್ಕ ಕಥೆಯನ್ನೂ ಅವರೇ ಕಟ್ಟಿದರು. ತಾಳಮಲೆ ಕಾಡಿನಲ್ಲಿ ಒಂದು ಆನೆಮರಿ ಸತ್ತಿದೆ. ಹಿಂಡು ಒಂದೊಂದೇ ಹೆಜ್ಜೆ ಎತ್ತಿಡುತ್ತಾ ಅದನ್ನು ಸುತ್ತುತ್ತದೆ. ಮರಿಯಾದವಳು ನನ್ನ ತರಗತಿಯ ಒಂದು ಪುಟಾಣಿ. ಅವಳ ತಾಯಿ ದೊಡ್ಡಗಾಜನೂರಿನಲ್ಲಿ ಕೂಲಿ ಮಾಡುವವಳು. ಪರದೆ ಎದ್ದಾಗಿನಿಂದ ಬೀಳುವವರೆಗೆ ಈ ಮಗು ಮಿಸುಕದೆ ಮಲಗಿರಬೇಕು.

"ನಾನೂ ಆಡ್ಬೇಕು ಮಿಸ್" ಎಂದು ತುಟಿ ಉಬ್ಬಿಸಿದಳು. ಕಣ್ಣಲ್ಲಿ ನೀರು. ಕೊನೆಯಲ್ಲಾದರೂ ಎಬ್ಬಿಸೋಣ ಎಂದು ಟೀಚರನ್ನು ಬೇಡಿಕೊಂಡೆ.

"ಮರಿ ಎದ್ದರೆ ರಸ ಕೆಡುತ್ತೆ ಅಕ್ಕಾ."

ಅಭ್ಯಾಸ ನೋಡಲು ಬಂದ ತಾಯಿಗೆ ಬೇರೆಯೇ ಚಿಂತೆ. "ಇದ್ರಲ್ಲಿ ಆಡೇ ಇಲ್ವಲ್ಲಾ ಮಿಸ್ಸಮ್ಮ?" ಎಂದಳು. ನಮ್ಮ ಕಡೆಯವರ ಬಾಯಲ್ಲಿ ಹಾಡೂ ಆಡೇ. ಟೀಚರು ಬಲು ಗಂಭೀರವಾಗಿ, "ಇದರಲ್ಲಿ ಆಡು ಬರಲ್ಲಮ್ಮಾ, ಬರೀ ಆನೆ" ಎಂದು ಸಮಾಧಾನ ಹೇಳಿದರು. ನಾನು ನಗು ತಡೆಯಲಾರದೆ ಬೋರ್ಡು ಒರೆಸಲು ಹೋದೆ.

ವಾರ್ಷಿಕೋತ್ಸವದ ಸಂಜೆ ಮೈಕ್‌ಸೆಟ್ಟಿನವರು ಕ್ಯಾಸೆಟ್ಟನ್ನು ತಮ್ಮ ಕರೆಂಟಿನ ಪ್ಲೇಯರಿಗೆ ಹಾಕಿದರು. ಶ್ರುತಿ ಚಂಗನೆ ಮೇಲಕ್ಕೆ ಹಾರಿತು. ಪಿಟೀಲು, ಕೊಳಲು, ತುತ್ತೂರಿ ಎಲ್ಲವೂ ಮದುವೆ ಮನೆಗೆ ತಡವಾದವರ ಹಾಗೆ ಒಂದರ ಹಿಂದೊಂದು ಓಡತೊಡಗಿದವು. ಟೀಚರು ನನ್ನ ತೋಳು ಹಿಡಿದುಕೊಂಡರು.

"ಅಕ್ಕಾ, ಇದು ನಮ್ಮ ಕ್ಯಾಸೆಟ್ಟಲ್ಲ!"

"ನಮ್ಮದೇ ಕಣಮ್ಮ. ಅದನ್ನು ತೆವಳಿಸುತ್ತಿದ್ದ ನಮ್ಮ ಸೆಲ್ಲು ಮಾತ್ರ ಇಲ್ಲ."

ವೇದಿಕೆಯ ಮೇಲೆ ಶೋಕದ ಆನೆಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಾ, ಕಟ್ಟಿದ ಸೊಂಡಿಲು ಜಾರಿ, ತಾಳ ಹಿಡಿಯಲು ದೌಡಾಯಿಸುತ್ತಿದ್ದವು. ಜನ ಬಿದ್ದು ಬಿದ್ದು ನಕ್ಕರು. "ನಮ್ಮೊಲಕ್ಕೆ ನುಗ್ಗಿದಾಗ್ಲೂ ಇಂಗೇ ಓಡ್ತವೆ ಕಣ್ಲಾ!" ಎಂದು ಯಾರೋ ಹಿಂದಿನಿಂದ ಕೂಗಿದರು. ಹೆಡ್‌ಮಾಸ್ಟರು ಕುರ್ಚಿಯಲ್ಲೇ ನಮ್ಮ ಕಡೆ ತಿರುಗಿದರು.

ಅಷ್ಟರಲ್ಲಿ ಸತ್ತ ಮರಿಯ ಹೆಬ್ಬೆರಳು ತಾಳ ಹಾಕತೊಡಗಿತು. ಆಮೇಲೆ ಮೊಣಕಾಲು. ಆಮೇಲೆ ಅವಳು ಮೆಲ್ಲಗೆ ತಲೆಯೆತ್ತಿ, ಪರದೆಯ ಮರೆಯಲ್ಲಿದ್ದ ನಮ್ಮತ್ತ ನೋಡಿದಳು. ಏಳಲೇ, ಬೇಡವೇ? ಟೀಚರು ಗದರಿಸುವಂತೆ ಒಮ್ಮೆ ಕಣ್ಣು ಬಿಟ್ಟರೆ ಸಾಕಿತ್ತು, ಮಗು ಮತ್ತೆ ಮಲಗಿಬಿಡುತ್ತಿತ್ತು.

ಟೀಚರು ರಸವನ್ನು ಅಲ್ಲೇ ಬಿಟ್ಟು, ಪರದೆಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದರು.

"ಆಡು ಕಣ್ಣು! ಆಡು!"

ತಮಿಳಿನಲ್ಲಿ ಆಡು ಎಂದರೆ ಕುಣಿ, ಕಣ್ಣು ಎಂದರೆ ಚಿನ್ನ. ಮುಂದಿನ ಸಾಲಿನಲ್ಲಿದ್ದ ತಾಯಿ ತನ್ನದೇ ಮಾತು ಕೇಳಿಸಿದಂತೆ ಎದ್ದು ನಿಂತು, "ಆಡು ಮಗಾ, ಆಡು!" ಎಂದಳು. ಮರಿ ದಡಕ್ಕನೆ ಎದ್ದು, ಹಿಂಡಿನ ನಡುವೆ ತೂರಿ, ಕುಣಿದದ್ದೇ ಕುಣಿದದ್ದು. ನನಗೆ ನಗುವಿನ ಜೊತೆಗೇ ಅಳು ಬಂತು.

ಆ ಕುಣಿತಕ್ಕೆ ಇದ್ದದ್ದು ಅದೊಂದೇ ಮಾತು. ಅದು ಯಾವ ಭಾಷೆಯದೆಂದು ಯಾರೂ ತಕರಾರು ತೆಗೆಯಲಿಲ್ಲ.