ಸರ್ವಮಂಗಳಮ್ಮನ ಮನೆಯಲ್ಲಿ ಮಿಷಿನ್‌ಗೊಂದು ಜಾಗ

ಆಲ್ದೂರಿನಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಪೇಟೆಯ ಅಂಚಿನ ಇಳಿಜಾರಿನಲ್ಲಿರುವ ಎರಡು ಕೋಣೆಯ ಮನೆಯ ಹಿಂದೆ ಸರ್ವಮಂಗಳಮ್ಮ ಆಗಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಳ್ಳಕ್ಕೆ ಇಳಿದಿದ್ದಾರೆ. ಕಾಫಿ ಗಿಡಗಳಿಂದ ಇಬ್ಬನಿ ಟಪಟಪನೆ ಉದುರುತ್ತಿದೆ. ನೀರು ಬೆರಳು ಸೆಟೆಯುವಷ್ಟು ತಣ್ಣಗಿದೆ. ಅವರ ಮುಂದೆ ಬಿಚ್ಚಿಟ್ಟ ಗಂಟಿನಲ್ಲಿ ಹೊದಿಕೆ, ಚಾದರ, ಪಂಚೆ, ತಲೆದಿಂಬಿನ ಗೌಸು ಇವೆ. ಯಾರದೋ ಮನೆಯ ಹಿರಿಯರು ಕೊನೆಯ ಸಲ ಮಲಗಿದ್ದ ಹಾಸಿಗೆಯ ಬಟ್ಟೆಗಳು ಅವು. ಸರ್ವಮಂಗಳಮ್ಮನ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಎಡಗೈಯಲ್ಲೇ ಹೊದಿಕೆಯ ಅಂಚು ಹಿಡಿದೆತ್ತಿ ಕಲ್ಲಿಗೆ ಬಡಿಯುತ್ತಾರೆ, ನಿಲ್ಲುತ್ತಾರೆ, ಉಸಿರು ತಿರುಗಿಸಿಕೊಂಡು ಮತ್ತೆ ಬಡಿಯುತ್ತಾರೆ.

“ಮೊದ್ಲೆಲ್ಲ ಎತ್ತಿ ಹೊಡೆದ್ರೆ ಆಚೆ ದಿಣ್ಣೆ ಮನೆಗೂ ಕೇಳ್ತಿತ್ತು. ಈಗ ನಂಗೇ ಸರಿಯಾಗಿ ಕೇಳಲ್ಲ” ಎಂದು ನಗುತ್ತಾರೆ. ಆ ನಗುವನ್ನು ನೋಡಿ ನಾವೂ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಸರ್ವಮಂಗಳಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ಕಳಸದ ಕಡೆಯ ಮಡಿವಾಳರ ಮನೆಯಲ್ಲಿ ಹುಟ್ಟಿ, ಅದೇ ಕಸುಬಿನ ಗಂಗಾಧರಪ್ಪನವರ ಕೈ ಹಿಡಿದು ಆಲ್ದೂರಿಗೆ ಬಂದವರು. ಆಗ ಗಂಡಹೆಂಡತಿ ಇಬ್ಬರಿಗೂ ತಲೆ ತುರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಎಸ್ಟೇಟ್ ಬಂಗಲೆಯ ಪರದೆಗಳು, ತೋಟದ ಲೆಕ್ಕ ಬರೆಯುವ ರೈಟರ ಮನೆಯ ಬಿಳಿ ಅಂಗಿಗಳು, ಅಂಗಡಿಯವರ ಪಂಚೆಗಳು, ಮದುವೆ ಮನೆಯ ಜಮಖಾನಗಳು ಎಲ್ಲ ಇದೇ ಕಲ್ಲಿಗೆ ಬರುತ್ತಿದ್ದವು. ಆಮೇಲೆ ಒಂದೊಂದೇ ಮನೆಗೆ ವಾಷಿಂಗ್ ಮಿಷಿನ್ ಬಂತು. ಬಂದ ಮನೆಯವರು ಯಾರೂ ‘ನಾಳೆಯಿಂದ ಬರಬೇಡಿ’ ಎನ್ನಲಿಲ್ಲ. ‘ಈ ವಾರ ಬಟ್ಟೆ ಇಲ್ಲ’ ಎಂದರು, ಅಷ್ಟೆ. ಮುಂದಿನ ವಾರವೂ ಇರಲಿಲ್ಲ.

ಕೊನೆಗೆ ಉಳಿದದ್ದು ಸಾವಿನ ಮನೆಯ ಬಟ್ಟೆ. ಎಷ್ಟೇ ದೊಡ್ಡ ಮಿಷಿನ್ ಇರಲಿ, ಸತ್ತವರು ಮಲಗಿದ್ದ ಹಾಸಿಗೆಯ ಬಟ್ಟೆಯನ್ನು ಅದಕ್ಕೆ ಹಾಕಲು ಈ ಸುತ್ತಿನ ಎಷ್ಟೋ ಮನೆಯವರಿಗೆ ಮನಸ್ಸು ಬರುವುದಿಲ್ಲ. ಮಾರನೆಯ ದಿನ ಅದೇ ಮಿಷಿನ್‌ಗೆ ಮಕ್ಕಳ ಸ್ಕೂಲ್ ಯೂನಿಫಾರ್ಮ್ ಹಾಕಬೇಕಲ್ಲ! ಹಾಗಾಗಿ ಗಂಟು ಕಟ್ಟಿ ಹಿತ್ತಿಲ ಮೆಟ್ಟಿಲ ಮೇಲಿಟ್ಟು ಸರ್ವಮಂಗಳಮ್ಮನಿಗೆ ಫೋನ್ ಮಾಡುತ್ತಾರೆ. ಅವರು ಹಿಂದಿನಿಂದ ಹೋಗಿ ಹಿಂದಿನಿಂದ ಬರುತ್ತಾರೆ. “ಇಡೀ ಊರಿಗೆ ನನ್ನ ನೆನಪಾಗೋದು ಯಾರಾದ್ರೂ ಹೋದಾಗ್ಲೇ. ಹಾಗಂತ ಯಾರಾದ್ರೂ ಹೋಗ್ಲಿ ಅಂತ ಕಾಯೋಕಾಗ್ತದಾ? ಅಂಥ ಕಸುಬು ನೋಡಿ ನಂದು” ಎನ್ನುತ್ತಾರೆ.

ಆ ಗಂಟಿನ ವಿಷಯದಲ್ಲಿ ಅವರ ಮನೆತನದಲ್ಲೂ ಒಂದು ಕಟ್ಟಳೆಯಿದೆ. ಅದು ಹೊಸ್ತಿಲು ದಾಟುವಂತಿಲ್ಲ. ಹಿತ್ತಿಲಲ್ಲೇ ಒಗೆದು, ಅಲ್ಲೇ ಒಣಗಿಸಿ, ಅಲ್ಲಿಂದಲೇ ಹಿಂದಿರುಗಿಸಬೇಕು. ಒಗೆದವರು ಮಿಂದು ಒಳಗೆ ಬರಬೇಕು. ಅತ್ತೆ ಹೇಳಿಕೊಟ್ಟದ್ದನ್ನು ಸರ್ವಮಂಗಳಮ್ಮ ಒಂದು ದಿನವೂ ಮೀರಿದವರಲ್ಲ.

ಗಂಗಾಧರಪ್ಪನವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಮನೆಯೊಳಗಿನ ಬಟ್ಟೆಯೇ ಹೊರಗಿನದಕ್ಕಿಂತ ಹೆಚ್ಚಾಯಿತು. ಮುಂದಿನ ಕೋಣೆಯಲ್ಲಿ ಅವರ ಮಂಚ. ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಹಾಸಿಗೆ ಬದಲಿಸಬೇಕು. ಅಷ್ಟರಲ್ಲಿ ಸರ್ವಮಂಗಳಮ್ಮನ ಹೆಗಲೂ ಕೈಕೊಟ್ಟಿತು. ಚಿಕ್ಕಮಗಳೂರಿನ ಡಾಕ್ಟರು ಇನ್ನು ಭಾರ ಎತ್ತಕೂಡದು ಎಂದರು. ಒದ್ದೆ ಹೊದಿಕೆ ಎಷ್ಟು ಭಾರ ಎಂದು ಅವರಿಗೆ ಹೇಳುವವರು ಯಾರು? ಮಗಳು ಶಿಲ್ಪಾ ಗೋದಾಮಿನಲ್ಲಿ ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ಸಂಜೆ ಪಿಕಪ್ ಗಾಡಿಯಲ್ಲಿ ವಾಷಿಂಗ್ ಮಿಷಿನ್ ಹೇರಿಸಿಕೊಂಡೇ ಬಂದಳು. ಊರಿನ ಮಿಷಿನ್‌ಗಳೆಲ್ಲ ಸೇರಿ ಕೆಲಸ ಕಿತ್ತುಕೊಂಡ ಮನೆಗೆ ಮಿಷಿನ್ ಬಂತು.

ಬಂತೇನೋ ಸರಿ, ಇಡುವುದೆಲ್ಲಿ? ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರು, ಮಿಕ್ಸಿ ರಿಪೇರಿ ಮಾಡುವ ಮುಜಮ್ಮಿಲ್ ಕೂರಿಸಿಕೊಡಲು ಬಂದು, ಪೈಪು ಹಿಡಿದು ನಿಂತ. ಬಚ್ಚಲಿನಲ್ಲಿಟ್ಟರೆ ಹಂಡೆ ಒಲೆಯ ಹೊಗೆ, ಬೆಂಕಿ. ಹಿತ್ತಿಲ ಮಾಡಿನ ಕೆಳಗೆ ಸೌದೆ. ಮುಂದಿನ ಕೋಣೆಯಲ್ಲಿ ಮಂಚ. ಪಕ್ಕದ ದಿನಸಿ ಅಂಗಡಿಯ ವಿಶ್ವನಾಥ್ ಯಾರೂ ಕರೆಯದೆ ಬಂದು, ಈಶಾನ್ಯಕ್ಕೆ ಮಾತ್ರ ಬೇಡ ಎಂದು ಅಪ್ಪಣೆ ಕೊಟ್ಟು ಹೋದರು. ಎರಡು ಕೋಣೆಯ ಮನೆಯಲ್ಲಿ ಎಂಟು ದಿಕ್ಕು ಹುಡುಕುವುದು ಅವರಿಗೇ ಸಾಧ್ಯ.

ಸರ್ವಮಂಗಳಮ್ಮನ ಚಿಂತೆ ದಿಕ್ಕಿನದಲ್ಲ, ಹೊಸ್ತಿಲಿನದು. ಮಿಷಿನ್ ಒಳಗಿದ್ದರೆ ಸಾವಿನ ಮನೆಯ ಗಂಟು ಅದರೊಳಗೆ ಹೋಗುವಂತಿಲ್ಲ, ಆ ಒಗೆತ ಅವರ ಸೋತ ಹೆಗಲಿಗೇ ಉಳಿಯಿತು. ಹೊರಗಿಟ್ಟು ಸಾವಿನ ಮನೆಯ ಬಟ್ಟೆ ಹಾಕಿದರೆ ಗಂಡನ ಹೊದಿಕೆಯನ್ನೂ ಮಗಳ ಚೂಡಿದಾರವನ್ನೂ ಅದಕ್ಕೆ ಹಾಕುವಂತಿಲ್ಲ. ಒಳಗಿಟ್ಟರೆ ಮನೆಯದು, ಹೊರಗಿಟ್ಟರೆ ಕಸುಬಿನದು. ಎರಡೂ ಆಗಲಾರದು.

“ಸರ್ವಮಂಗಳಕ್ಕ, ಬೇಗ ಹೇಳಿ. ಅಂಗಡಿ ಬಾಗ್ಲು ತೆಗೆದಿಟ್ಟೇ ಬಂದಿದೀನಿ” ಎಂದ ಮುಜಮ್ಮಿಲ್.

“ಇರು ಮಾರಾಯ, ನಿಂಗೆ ಕೂರಿಸಿ ಹೋದ್ರೆ ಆಯ್ತು. ನಾವು ಇದ್ರ ಜೊತೆ ಬದುಕ್ಬೇಕಲ್ಲ” ಎಂದರು ಇವರು. ಕೊನೆಗೆ ಮಂಚದ ಕಾಲ್ಗಡೆ, ಗಂಡನಿಗೆ ಕಾಣುವಂತೆ ಇಡಿಸಿದರು. ಪೈಪು ಕಿಟಕಿಯಿಂದ ಆಚೆ ಹೋಯಿತು. ಆವತ್ತಿನಿಂದ ಗಂಗಾಧರಪ್ಪನವರು ಗಾಜಿನ ಬಾಗಿಲೊಳಗೆ ತಮ್ಮದೇ ಹೊದಿಕೆ ತಿರುಗುವುದನ್ನು ನೋಡುತ್ತಾ ಮಲಗಿರುತ್ತಿದ್ದರು. ಜೀವಮಾನವಿಡೀ ಒಗೆದ ಮನುಷ್ಯ, ತೊದಲುವ ನಾಲಿಗೆಯಲ್ಲಿ “ಇದು ಬಡಿಯೋದೇ ಇಲ್ವಲ್ಲ” ಎಂದು ದೂರುತ್ತಿದ್ದರಂತೆ.

ಎಡವಟ್ಟು ಆದದ್ದು ಮಗಳ ಪ್ರೀತಿಯಿಂದ. ಜಾವಳಿಯ ಸುಕನ್ಯಾ ಅವರ ಮಾವ ತೀರಿಕೊಂಡು, ಆ ಮನೆಯಿಂದ ದೊಡ್ಡ ಗಂಟು ಬಂದಿತ್ತು. ಕೊಟ್ಟ ಮಾತಿನಂತೆ, ಸೂತಕ ಕಳೆಯುವ ಶುದ್ಧದ ಹಿಂದಿನ ದಿನ ತಲುಪಿಸಬೇಕು. ಸರ್ವಮಂಗಳಮ್ಮನಿಗೆ ಹೆಗಲ ನೋವಿನ ಜೊತೆಗೆ ಜ್ವರ. ಮಾತ್ರೆ ನುಂಗಿ ಮಧ್ಯಾಹ್ನ ಕಣ್ಣು ಮುಚ್ಚಿದವರು ಏಳುವಷ್ಟರಲ್ಲಿ ಬಟ್ಟೆಯೆಲ್ಲ ತಂತಿಯ ಮೇಲೆ ಒಣಗುತ್ತಿತ್ತು. ಶಿಲ್ಪಾ ಗಂಟನ್ನು ಒಳಗೆ ತಂದು, ಅಪ್ಪನ ಕಾಲ್ಗಡೆಯ ಮಿಷಿನ್‌ಗೆ ಹಾಕಿಬಿಟ್ಟಿದ್ದಳು.

“ನಿಂಗೆ ಕೈ ಎತ್ತೋಕಾಗಲ್ಲ ಅಮ್ಮ, ಅದಕ್ಕೇ ಹಾಕ್ದೆ” ಎಂದಳಂತೆ.

ಸುಮ್ಮನೆ ಮಡಚಿ ಕೊಟ್ಟು ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸರ್ವಮಂಗಳಮ್ಮ ಜಾವಳಿಗೆ ಹೋಗಿ, ಹಿತ್ತಿಲಲ್ಲಿ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿದರು. ಸುಕನ್ಯಾ ಕೂಗಾಡಲಿಲ್ಲ. “ಮಿಷಿನ್ ನಮ್ಮನೇಲೂ ಇತ್ತಲ್ಲ ಸರ್ವಮಂಗಳಮ್ಮ. ನಿಮ್ಮ ಕೈ ಬೇಕು ಅಂತಲೇ ಅಲ್ವಾ ಅಷ್ಟು ದೂರ ಕಳಿಸಿದ್ದು?” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಬಟ್ಟೆಯನ್ನು ಅವರು ಮನೆಯೊಳಗೆ ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಕಡೆಯಿಂದ ಫೋನ್ ಬರುವುದೂ ನಿಂತಿತು.

ಮನೆಗೆ ಬಂದವರೇ ಸರ್ವಮಂಗಳಮ್ಮ ಮುಜಮ್ಮಿಲ್‌ನನ್ನು ಕರೆಸಿ ಮಿಷಿನ್ ಬಿಚ್ಚಿಸಿದರು. ಅದು ಹಿತ್ತಿಲ ಮಾಡಿಗೆ ಹೋಗಿ, ಸೌದೆ ರಾಶಿಯ ಪಕ್ಕದಲ್ಲಿ ಟಾರ್ಪಾಲು ಹೊದ್ದುಕೊಂಡು ಕುಳಿತಿತು. ಒಳಗಿನವರಿಗೂ ಇಲ್ಲ, ಹೊರಗಿನವರಿಗೂ ಇಲ್ಲ. ಗಂಡನ ಹೊದಿಕೆಗಳು ಮತ್ತೆ ಕಲ್ಲಿಗೆ ಬಂದವು. ಮಂಚದ ಮೇಲಿಂದ ಗಂಗಾಧರಪ್ಪನವರು ಖಾಲಿ ಜಾಗದ ಕಡೆ ಕೈ ತೋರಿಸಿ ಅದೆಲ್ಲಿ ಎಂದು ಕೇಳುತ್ತಿದ್ದರಂತೆ. ರಿಪೇರಿಗೆ ಹೋಗಿದೆ ಎಂದು ಇವರು ಸುಳ್ಳು ಹೇಳುತ್ತಿದ್ದರು.

ಒಂದು ತಿಂಗಳೊಳಗೆ ಗಂಗಾಧರಪ್ಪನವರು ತೀರಿಕೊಂಡರು. ಇದು ಆಗುವುದೇ ಇತ್ತು ಎಂದು ಡಾಕ್ಟರು ಹೇಳಿದ್ದರು. ಸರ್ವಮಂಗಳಮ್ಮನಿಗೂ ಅದು ಗೊತ್ತು. ಆದರೆ ಶಿಲ್ಪಾಳ ತಲೆಗೆ ಅದು ಹೋಗಲಿಲ್ಲ. ತಾನು ಸಾವಿನ ಗಂಟನ್ನು ಅಪ್ಪನ ಕಾಲ್ಗಡೆಗೆ ತಂದದ್ದಕ್ಕೇ ಹೀಗಾಯಿತು ಎಂದು ಆ ಹುಡುಗಿ ಅನ್ನ ಬಿಟ್ಟಳು. ಅಳುವುದನ್ನೂ ಬಿಟ್ಟಳು. ಅಳದ ಮಗಳನ್ನು ನೋಡಿ ತಾಯಿಗೆ ಗಂಡ ಹೋದದ್ದಕ್ಕಿಂತ ಹೆಚ್ಚು ದಿಗಿಲಾಯಿತು.

ಇನ್ನೊಂದು ತಾಪತ್ರಯವೂ ಇತ್ತು. ಊರಿನ ಸಾವುಗಳನ್ನೆಲ್ಲ ಒಗೆಯುವವರ ಮನೆಯಲ್ಲಿ ಸಾವಾದರೆ ಒಗೆಯುವವರು ಯಾರು? ಅವರಲ್ಲಿ ಸ್ವಂತ ಮನೆಯದನ್ನು ತಾವೇ ಒಗೆದುಕೊಳ್ಳುವುದಿಲ್ಲ, ಬೇರೆ ಊರಿನ ನೆಂಟರು ಬಂದು ಒಗೆದುಕೊಡಬೇಕು. ಸರ್ವಮಂಗಳಮ್ಮ ಕಳಸಕ್ಕೆ, ತಮ್ಮ ದೊಡ್ಡಪ್ಪನ ಮಗ ಕೆಂಚಯ್ಯನಿಗೆ ಫೋನ್ ಮಾಡಿದರು.

“ನಂಗೆ ಕಣ್ಣೇ ಕಾಣಲ್ಲ ತಂಗಿ. ಮಕ್ಕಳು ಈ ಕೆಲ್ಸ ಮುಟ್ಟಲ್ಲ, ಕೇಳೋಕೂ ಹೆದ್ರಿಕೆ. ನೀ ಬೇರೆ ಯಾರನ್ನಾದ್ರೂ ನೋಡು” ಎಂದರು ಕೆಂಚಯ್ಯ. ಬೇರೆ ಯಾರೂ ಇರಲಿಲ್ಲ. ಎಲ್ಲರೂ ಕಸುಬು ಬಿಟ್ಟಿದ್ದರು, ಇಲ್ಲವೇ ಲೋಕವನ್ನೇ ಬಿಟ್ಟಿದ್ದರು. ಸಾವಿರ ಮನೆಯ ಹಾಸಿಗೆ ಒಗೆದ ಗಂಗಾಧರಪ್ಪನವರ ಹೊದಿಕೆ, ಪಂಚೆ, ಬನಿಯನ್‌ಗಳು ಗಂಟು ಕಟ್ಟಿದಂತೆಯೇ ಹಿತ್ತಿಲಲ್ಲಿ ಬಿದ್ದಿದ್ದವು.

ಶುದ್ಧದ ಹಿಂದಿನ ದಿನ ಬೆಳಿಗ್ಗೆ ಮುಜಮ್ಮಿಲ್ ಮಾತನಾಡಿಸಿಕೊಂಡು ಹೋಗಲು ಬಂದಿದ್ದ. ಸರ್ವಮಂಗಳಮ್ಮ ಅವನನ್ನು ಕೂರಲೂ ಬಿಡಲಿಲ್ಲ. ಟಾರ್ಪಾಲು ತೆಗೆಸಿದರು. ಮಂಚ ಎತ್ತಿದ್ದ ಜಾಗದಲ್ಲೇ, ಮುಂದಿನ ಕೋಣೆಯ ನಡುಗೋಡೆಗೆ, ಮಿಷಿನ್ ಕೂರಿಸು ಎಂದರು. ಗಂಡನ ಗಂಟನ್ನು ಎಡಗೈಯಲ್ಲಿ ಹಿಡಿದು ಹೊಸ್ತಿಲು ದಾಟಿಸಿದರು. ಬಾಗಿಲಲ್ಲಿ ನಿಂತಿದ್ದ ಶಿಲ್ಪಾ “ಬೇಡ ಅಮ್ಮ, ಬೇಡ” ಎಂದು ಕಿರುಚಿದಳು.

“ಯಾಕ್ ಬೇಡ? ಸತ್ತವ್ರ ಬಟ್ಟೆ ಒಗೆದ ಕೈಯಲ್ಲೇ ಅಲ್ವಾ ನಿಂಗೆ ತುತ್ತು ಕೊಟ್ಟಿದ್ದು, ತಲೆ ಬಾಚಿದ್ದು? ನಿಂಗೇನಾಯ್ತು? ನನ್ನ ಕೈಗಿಲ್ಲದ ಮೈಲಿಗೆ ಈ ಮಿಷಿನ್‌ಗೆ ಎಲ್ಲಿಂದ ಬರ್ತದೆ? ನಿಮ್ಮಪ್ಪ ನಿನ್ನಿಂದ ಹೋಗ್ಲಿಲ್ಲ ಮಗಳೇ” ಎಂದರು ಸರ್ವಮಂಗಳಮ್ಮ. ಗಂಡನ ಬಟ್ಟೆಗಳ ಮೇಲೆ ತಾವು ಉಟ್ಟು ಬಿಟ್ಟಿದ್ದ ಸೀರೆಯನ್ನೂ, ಮಗಳು ಬಿಚ್ಚಿ ಹಾಕಿದ್ದ ಚೂಡಿದಾರವನ್ನೂ ಹಾಕಿ ಬಾಗಿಲು ಒತ್ತಿದರು. ಅದು ತಿರುಗತೊಡಗಿದಾಗ ಶಿಲ್ಪಾ ನೆಲಕ್ಕೆ ಕೂತು, ಅಪ್ಪ ಹೋದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಅತ್ತೆ ಹೇಳಿಕೊಟ್ಟ ಕಟ್ಟಳೆ ಮುರಿದದ್ದಕ್ಕೆ ಸರ್ವಮಂಗಳಮ್ಮನಿಗೆ ಈಗಲೂ ಸಂಕಟವಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಕೆಲವು ರಾತ್ರಿ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಈ ಸುದ್ದಿ ಹರಡಿ ಇನ್ನೂ ಕೆಲವು ಮನೆಗಳು ಕೈತಪ್ಪಿವೆ. ಈಗ ಗಂಟು ತರಲು ಹೋದಲ್ಲೆಲ್ಲ ‘ಮಿಷಿನ್‌ಗೆ ಹಾಕಲಾ, ಕೈಯಲ್ಲಿ ಒಗೀಲಾ?’ ಎಂದು ಮೊದಲೇ ಕೇಳುತ್ತಾರೆ. ಹೆಚ್ಚಿನವರು ಕೈ ಎನ್ನುತ್ತಾರೆ. ಇಂದಿನ ಗಂಟಿನವರೂ ಹಾಗೇ ಹೇಳಿದ್ದಾರೆ. “ಅವರ ಮನಸ್ಸಿಗೆ ಸಮಾಧಾನ ಆಗ್ಬೇಕಲ್ಲ. ಹೆಗಲು ಇರೋವರೆಗೂ ಒಗೀತೀನಿ. ಆಮೇಲೆ ಅವರುಂಟು, ಅವರ ಮಿಷಿನ್ ಉಂಟು.”

ಬಿಸಿಲು ಹಳ್ಳಕ್ಕೆ ಇಳಿಯುವಷ್ಟರಲ್ಲಿ ಹೊದಿಕೆ ಹಿಂಡಿಯಾಗಿದೆ. ಒಂದು ತುದಿಯನ್ನು ಶಿಲ್ಪಾ ಹಿಡಿದಿದ್ದಾಳೆ, ಇನ್ನೊಂದು ತುದಿ ತಾಯಿಯ ಎಡಗೈಯಲ್ಲಿದೆ. ಕೆಲಸಕ್ಕೆ ಹೊತ್ತಾಯಿತೆಂದು ಅವಳು ಓಡಿದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸರ್ವಮಂಗಳಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಎಂತ ಆಸೆ? ನಾನು ಹೋದಾಗ ಶಿಲ್ಪಾ ಯಾರಿಗೂ ಫೋನ್ ಮಾಡಿ ಅಂಗಲಾಚ್ಬಾರ್ದು. ನನ್ನ ಬಟ್ಟೇನ ಬೇರೆ ಗಂಟು ಕಟ್ಬಾರ್ದು. ಅವಳ ಬಟ್ಟೆ ಜೊತೆಗೇ ಹಾಕ್ಲಿ.”