ಓಬಕ್ಕ ಬೆಚ್ಚಗೆ ಮಾಡಿಕೊಟ್ಟ ಹುರುಳಿ

ಹಿಂದೂಪುರದ ಸಂತೆಬೀದಿಯಲ್ಲಿ ಓಬಕ್ಕ ಹುರುಳಿ ಮಾರುತ್ತಿದ್ದಳು. ಕಲ್ಯಾಣದುರ್ಗದ ಹತ್ತಿರ ತಮ್ಮನ ಹೊಲದಲ್ಲಿ ಬೆಳೆದ ಕಾಳು. ಕನ್ನಡದವರು ಬಂದರೆ ಹುರುಳಿ, ತೆಲುಗಿನವರು ಬಂದರೆ ಉಲವಲು, ಚೌಕಾಸಿಗೆ ನಿಂತವರಿಗೆ ಎರಡೂ ಭಾಷೆಯಲ್ಲಿ ಬೈಗುಳ.

೧೯೯೨ರ ಬೇಸಿಗೆಯಲ್ಲಿ ಕೇಶವಯ್ಯನವರು ಬಂದರು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವವರು. ಒಂದೇ ಹೊಲದ, ಒಂದೇ ಬೆಳೆಯ ಐದು ಸೇರು ಕಾಳು ಬೇಕೆಂದರು.

"ಮನೇಲಿ ಎಷ್ಟು ಜನ ಸ್ವಾಮಿ?"

"ತಿನ್ನೋದಕ್ಕಲ್ಲ ಓಬಕ್ಕ, ಪರೀಕ್ಷೆಗೆ."

"ತಿನ್ನಾಕಲ್ದಿದ್ರೆ ಇನ್ಯಾಕೆ? ಕುದುರೆ ಸಾಕಿದ್ದೀರಾ?"

ಆದರೂ ಪಾಪ, ಪೇಟೆಯ ಮನುಷ್ಯ, ಕಾಳಿಗೆ ಹುಳ ಬಿದ್ದರೆ ಏನು ಮಾಡಿಯಾನು ಎಂದು ಮರುಕಪಟ್ಟು, ಬಾಣಲೆಯಲ್ಲಿ ನಾಲ್ಕು ಸಲ ಕೈಯಾಡಿಸಿ, ಆರಿಸಿ ಕಟ್ಟಿಕೊಟ್ಟಳು.

ಮೂರು ವಾರ ಬಿಟ್ಟು ಕೇಶವಯ್ಯನವರು ಮತ್ತೆ ಬಂದರು. ಮುಖ ಬಾಡಿತ್ತು.

"ಕಾಳಿಗೆ ಏನು ಮಾಡಿದ್ರಿ?"

"ಬೆಚ್ಚಗೆ ಮಾಡ್ದೆ ಕಣಪ್ಪ. ಹುಳ ಬೀಳಬಾರ್ದಲ್ಲ!"

ಅವರು ಅಲ್ಲೇ ಮೂಟೆಯ ಮೇಲೆ ಕೂತು ಬಿಡಿಸಿ ಹೇಳಿದರು. "ಜೀವಕೋಶದ ಮೈಮೇಲೆಲ್ಲ ಸಕ್ಕರೆಯ ಎಳೆಗಳಿರ್ತವೆ ಓಬಕ್ಕ. ಹುರುಳೀಲಿರೋ ಒಂದು ಪ್ರೋಟೀನು ಅದರಲ್ಲಿ ಒಂದು ಜಾತಿ ಸಕ್ಕರೇನ ಹುಡುಕಿ ಹಿಡ್ಕೊಳ್ಳುತ್ತೆ. ಬಿಸಿ ತಾಗಿದ್ರೆ ಹಿಡಿಯೋ ಶಕ್ತೀನೇ ಹೋಯ್ತು."

"ಹಿಡಿದು ಏನ್ಮಾಡ್ತೀರಿ?"

"ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತಿದೆ. ಅದಕ್ಕೆ ಕ್ಯಾನ್ಸರ್ ಬಂದ್ರೆ ಈ ಎಳೆಗಳು ಬದಲಾಗ್ತವೆ. ಈ ಪ್ರೋಟೀನು ಹಿಡಿದ ಕಡೆ ಬಣ್ಣ ಬರೋ ಹಾಗೆ ಮಾಡಿ, ಬದಲಾದ ಕೋಶಾನ ಗುರುತಿಸ್ತೀವಿ. ಕೋಶ ನೆರೆಯವರ ಹಿಡಿತ ಬಿಟ್ಟು ರಕ್ತದಲ್ಲಿ ಹೊರಡುತ್ತೆ. ಆಮೇಲೆ ಆ ಎಳೆಗಳಿಂದಲೇ ರಕ್ತನಾಳಕ್ಕೆ ಅಂಟಿಕೊಂಡು ಬೇರೆ ಕಡೆ ಇಳಿಯುತ್ತೆ."

ಓಬಕ್ಕನ ನಗು ನಿಂತಿತು. ಗಂಡ ಚೌಡಣ್ಣ ಅದೇ ಗ್ರಂಥಿಯ ಕ್ಯಾನ್ಸರ್ ಲಿವರ್‌ಗೂ ಹರಡಿ ಎರಡೇ ತಿಂಗಳಿಗೆ ತೀರಿಕೊಂಡಿದ್ದ. "ನಮ್ಮನೆಯವರ ಲಿವರ್‌ಗೂ ಹಂಗೇ ಹೋಗಿ ಕೂತ್ಕಂಡಿತ್ತಾ ಸ್ವಾಮಿ?"

"ಇರಬಹುದು. ಪೂರ್ತಿ ನಮಗೂ ಗೊತ್ತಿಲ್ಲ."

ಅವಳು ಈ ಸಲ ಹುರಿಯದ ಹಸಿ ಕಾಳು ಅಳೆದುಕೊಟ್ಟಳು.

ಸಂತೆಯಲ್ಲಿ ಸುದ್ದಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ. ಎದುರಿನ ಟೀ ಅಂಗಡಿಯ ಕದಿರಪ್ಪನಿಗೆ ಸಕ್ಕರೆ ಕಾಯಿಲೆ. ಓಬಕ್ಕನ ಕಾಳು ಸಕ್ಕರೆ ಹಿಡಿಯುತ್ತದಂತೆ ಎಂದು ಕೇಳಿ, ಅವಳು ಅತ್ತ ತಿರುಗಿದಾಗ ಎರಡು ಹಿಡಿ ಹಸಿ ಹುರುಳಿ ಜಗಿದು ನುಂಗಿದ. ಸಂಜೆಯೊಳಗೆ ಏಳು ಸಲ ಚೊಂಬು ಹಿಡಿದು ಬಯಲಿಗೆ ಓಡಿದ.

"ಅದು ಬಾಯಿಗೆ ಹಾಕ್ಕಳೋ ಸಕ್ಕರೆ ಅಲ್ಲ ಕಣ್ಲಾ! ಕೋಶ ತಾನೇ ಮಾಡ್ಕಳೋದು. ಇದು ಔಷಧೀನೂ ಅಲ್ಲ. ಡಾಕ್ಟರ್ ಹತ್ರ ಹೋಗು!" ಎಂದು ಓಬಕ್ಕ ಇಡೀ ಬೀದಿಗೆ ಕೇಳುವಂತೆ ಕೂಗಿದಳು. ಔಷಧಿ ಎಂದು ಕೇಳಿ ಬಂದ ಒಬ್ಬರಿಗೂ ಆಮೇಲೆ ಅವಳು ಕಾಳು ಮಾರಲಿಲ್ಲ.

ದೀಪಾವಳಿ ಮುಗಿದ ಮೇಲೆ ಕೇಶವಯ್ಯನವರು ಕರೆಸಿದರೆಂದು ಚಿಲಮತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಬೆಂಗಳೂರಿಗೆ ಹೋದಳು. ಮೈಕ್ರೋಸ್ಕೋಪಿನಲ್ಲಿ ಒಂದು ಕಣ್ಣಿಟ್ಟು, ಇನ್ನೊಂದನ್ನು ಸೆರಗಿನಿಂದ ಮುಚ್ಚಿಕೊಂಡು ನೋಡಿದಳು. ಕ್ಯಾನ್ಸರ್ ಬಂದ ಅದೇ ಗ್ರಂಥಿಯ, ಒತ್ತಾಗಿ ಕೂತ ಕೋಶಗಳು. ಕೆಲವಕ್ಕೆ ಮಾತ್ರ ಅಂಚಿನಲ್ಲಿ ಕಂದು ಬಣ್ಣ.

"ಕಂದು ಕಾಣೋ ಕಡೆಯೆಲ್ಲ ನಿಮ್ಮ ಹುರುಳಿ ಹಿಡಿದಿದೆ ಓಬಕ್ಕ."

ಅವಳು ಬಹಳ ಹೊತ್ತು ತಲೆಯೆತ್ತಲಿಲ್ಲ. ಹಿಂದೆ ಸಾಲು ನಿಂತಿದ್ದ ವಿದ್ಯಾರ್ಥಿಗಳು ಕಾದರು. ಕೊನೆಗೆ ಕಣ್ಣೊರೆಸಿಕೊಂಡು, ತಂದಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಹುರುಳಿ ಸಾರಿನ ಘಮ ಪ್ರಯೋಗಾಲಯವನ್ನೆಲ್ಲ ತುಂಬಿತು.

"ಇದು ಚೆನ್ನಾಗಿ ಬೆಂದೈತೆ. ಹೆದರ್ಕಬೇಡಿ, ತಿನ್ನಿ."