ಡಾಕ್ಟರ ಬೆವರು ಒರೆಸಿದ ನರ್ಸಮ್ಮ

ಮಕ್ಕಳೇ, ಆದೋನಿಯಲ್ಲಿ ನನ್ನ ತೊಡೆಮೂಳೆಯ ಆಪರೇಷನ್ ಆದಾಗ ಅಲ್ಲೊಬ್ಬ ನರ್ಸಮ್ಮ ಇದ್ದರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ನನಗೆ ಎಚ್ಚರವಿತ್ತು. ಅವರು ಗಳಿಗೆಗೊಮ್ಮೆ ಬಂದು, ಸಾಲಿ ಮೇಷ್ಟ್ರಂತೆ ನನ್ನ ಕಿವಿ ಹಿಡಿದು ತಣ್ಣಗಿದೆಯೇ ಎಂದು ನೋಡಿ, "ಚಳಿ ಐತೇನವ್ವ?" ಎಂದು ಕೇಳುತ್ತಿದ್ದರು.

ಹೊರಗೆ ಸುಡುಬಿಸಿಲು. ಚಳಿ ಎಂದರೆ ನಕ್ಕಾರು ಎಂದು ನಾಚಿ, ಹಲ್ಲು ಕಟಕಟ ಎನ್ನುತ್ತಿದ್ದರೂ "ಇಲ್ರಿ" ಎಂದೆ.

ಅವರು ಕಿವಿ ಬಿಟ್ಟು ಥರ್ಮಾಮೀಟರು ನೋಡಿದರು. "ಸಾರ್, ಆಗಂಡಿ, ತಡೀರಿ! ಈಕಿ ಐಸ್ ಆಗ್ಯಾಳ. ಎ.ಸಿ. ಕಡಿಮಿ ಮಾಡ್ತೀನಿ."

"ಅಮ್ಮಾ, ಈ ಗೌನಿನಾಗ ನಾ ಬೆಂದು ಹೋಗ್ತೀನಿ!" ಎಂದರು ಡಾಕ್ಟರು.

"ನಿಮ್ಮ ಬೆವರು ನಾ ಒರಸ್ತೀನ್ರಿ. ಈಕಿ ಮೈ ತಂಪಾದ್ರ ರಕ್ತ ಜಾಸ್ತಿ ಹೋಗ್ತೈತಿ, ಗಾಯ ಕೀವಾಗ್ತೈತಿ. ಅದನ್ನ ಯಾರು ಒರಸಬೇಕು?"

ಡಾಕ್ಟರು ಕೈಕಟ್ಟಿ ನಿಂತರು. ನರ್ಸಮ್ಮ ಹೊದಿಸಿ ಕೊಳವೆಯಿಂದ ಬಿಸಿಗಾಳಿ ತುಂಬಿದ ಹೊದಿಕೆ ನನ್ನ ಎದೆಯ ಮೇಲೆ ರೊಟ್ಟಿಯಂತೆ ಉಬ್ಬಿತು. ಮೈ ಬೆಚ್ಚಗಾದ ಮೇಲೆಯೇ ಕೆಲಸ ಶುರುವಾಯಿತು.

ನಡುವೆ ಮತ್ತೆ ಬಂದು ಕಿವಿ ಹಿಡಿದರು. "ಈಗ?"

ನಾನು ಧೈರ್ಯ ಮಾಡಿದೆ. "ಭುಜಕ್ಕ ಒಂದೀಟು ಐತ್ರಿ."

"ಹಾಂ, ಬಾಯಿ ಬಿಟ್ಟಿ ನೋಡು!" ಎಂದು ನಗುತ್ತ ಹೊದಿಕೆಯನ್ನು ಕುತ್ತಿಗೆಯವರೆಗೂ ಎಳೆದು, ಡಾಕ್ಟರ ಹಣೆ ಒರೆಸಲು ಓಡಿದರು.